ಹಗ್ಗ ಓರೆಯಾಗಿ ಎಳೆದರೆ ಘರ್ಷಣೆ ಯಾಕೆ ಕಡಿಮೆಯಾಗುತ್ತದೆ? ಕಾಂಪೊನೆಂಟ್ (ಓರೆ ಬಲದ ಅಡ್ಡ ಮತ್ತು ಲಂಬ ಭಾಗ) ಬಿಡಿಸುವಾಗ ಪ್ರತಿ ಸಲ ತಪ್ಪುತ್ತಿದ್ದೇನೆ

ಬಿಳಿಹಾಳೆ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಘರ್ಷಣೆಯ ಲೆಕ್ಕಗಳನ್ನೇ ಮಾಡುತ್ತಿದ್ದೇನೆ. ಬಲ ನೆಲಕ್ಕೆ ಸಮಾಂತರವಾಗಿದ್ದರೆ ಏನೂ ತೊಂದರೆ ಇಲ್ಲ. ಸ್ವಲ್ಪ ಓರೆಯಾಯಿತು ಅಂದರೆ ಸಾಕು, ಉತ್ತರ ತಪ್ಪುತ್ತದೆ. ನಿನ್ನೆ ರಾತ್ರಿ ತಲೆ ಕೆಡಿಸಿದ ಲೆಕ್ಕ ಇದು.

20 ಕೆಜಿ ಪೆಟ್ಟಿಗೆ ನೆಲದ ಮೇಲೆ ಜಾರುತ್ತಿದೆ. ಹಗ್ಗ ಕಟ್ಟಿ 100 ನ್ಯೂಟನ್ ಬಲದಿಂದ ಎಳೆಯುತ್ತಿದ್ದಾರೆ. ಹಗ್ಗ ನೆಲದಿಂದ 30 ಡಿಗ್ರಿ ಮೇಲಕ್ಕಿದೆ. ಚಲನ ಘರ್ಷಣಾ ಗುಣಾಂಕ ಮ್ಯೂ 0.3. ಜಿ (ಗುರುತ್ವದ ವೇಗೋತ್ಕರ್ಷ) 10 ಅಂತ ಇಟ್ಟುಕೊಳ್ಳಬೇಕು. ವೇಗೋತ್ಕರ್ಷ ಎಷ್ಟು?

ನಾನು ಮಾಡಿದ್ದು: ತೂಕ 200 ನ್ಯೂಟನ್, ಆದ್ದರಿಂದ ನಾರ್ಮಲ್ ಬಲವೂ (ನೆಲ ಪೆಟ್ಟಿಗೆಯನ್ನು ಮೇಲಕ್ಕೆ ಒತ್ತುವ ಬಲ) 200. ಘರ್ಷಣೆ 0.3 × 200 = 60. ಮುಂದಕ್ಕೆ ಎಳೆಯುವ ಭಾಗ 100 ಕಾಸ್ 30 = 86.6. ಉಳಿದದ್ದು 26.6, ಅದನ್ನು 20ರಿಂದ ಭಾಗಿಸಿದರೆ 1.33. ಆದರೆ ಕೊನೆಯ ಪುಟದ ಉತ್ತರ 2.08. ಮೂರು ಸಲ ಮಾಡಿದೆ, ಮೂರು ಸಲವೂ 1.33 ಬಂತು.

ಮೇಲಕ್ಕೆ ಹೋಗುವ ಭಾಗ 50 ನ್ಯೂಟನ್ ಇದೆ ಅಂತ ಗೊತ್ತು. ಆದರೆ ಪೆಟ್ಟಿಗೆ ಮೇಲಕ್ಕೆ ಏಳುತ್ತಿಲ್ಲವಲ್ಲ, ಮತ್ತೆ ಆ 50ಕ್ಕೆ ಇಲ್ಲಿ ಏನು ಕೆಲಸ? ಇನ್ನೊಂದು ವಿಷಯ. ಯಾವಾಗ ಕಾಸ್ ಹಾಕಬೇಕು, ಯಾವಾಗ ಸೈನ್ ಹಾಕಬೇಕು ಅನ್ನೋದು ಇಳಿಜಾರಿನ ಲೆಕ್ಕ ಬಂದ ತಕ್ಷಣ ತಿರುಗುಮುರುಗಾಗುತ್ತದೆ. ಬಾಯಿಪಾಠ ಮಾಡುವ ಮನಸ್ಸಿಲ್ಲ, ಅರ್ಥ ಆಗಬೇಕು.

ಪೆನ್ಸಿಲ್:

ನಿಮ್ಮ ಲೆಕ್ಕದಲ್ಲಿ ಒಂದೇ ಒಂದು ಸಾಲು ತಪ್ಪಿದೆ. "ತೂಕ 200, ಆದ್ದರಿಂದ ನಾರ್ಮಲ್ 200" ಅನ್ನೋ ಸಾಲು. ಆ "ಆದ್ದರಿಂದ" ಎಲ್ಲಿಂದ ಬಂತು ಅಂತ ಕೇಳಿಕೊಳ್ಳಿ.

ಪೆಟ್ಟಿಗೆಯ ಕೆಳಗೆ ತೆಳುವಾದ ಒಂದು ತೂಕದ ಯಂತ್ರ ಇದೆ ಅಂದುಕೊಳ್ಳಿ. ಹಗ್ಗ ಸಡಿಲವಾಗಿದ್ದಾಗ ಮುಳ್ಳು 200 ತೋರಿಸುತ್ತದೆ. ಈಗ ಹಗ್ಗವನ್ನು ಓರೆಯಾಗಿ ಬಿಗಿ ಮಾಡಿ. ಹಗ್ಗ 50 ನ್ಯೂಟನ್‌ನಷ್ಟು ಮೇಲಕ್ಕೆ ಎತ್ತುತ್ತಿದೆ. ಪೆಟ್ಟಿಗೆ ಏಳಲಿಲ್ಲ, ಸರಿ, ಆದರೆ ಅದರ ಭಾರದಲ್ಲಿ 50ನ್ನು ಹಗ್ಗ ಹೊತ್ತುಕೊಂಡಿತು. ನೆಲ ಹೊರಬೇಕಾದ್ದು 150 ಮಾತ್ರ. ಮುಳ್ಳು 150ಕ್ಕೆ ಇಳಿಯುತ್ತದೆ. ನಾರ್ಮಲ್ ಬಲ ಅಂದರೆ ಈ ಮುಳ್ಳು ತೋರಿಸುವ ಸಂಖ್ಯೆ, ಅಷ್ಟೇ. ತೂಕಕ್ಕೆ ಅದು ಸಮ ಆಗಬೇಕು ಅಂತ ಎಲ್ಲೂ ನಿಯಮ ಇಲ್ಲ. ಸಮತಟ್ಟಾದ ನೆಲ ಇದ್ದು, ಮೇಲೆ ಕೆಳಗೆ ಬೇರೆ ಯಾವ ಬಲವೂ ಇಲ್ಲದಾಗ ಸಮ ಆಗುತ್ತದೆ. ನಾವು ಮೊದಲು ಮಾಡುವ ಹತ್ತಿಪ್ಪತ್ತು ಲೆಕ್ಕಗಳು ಎಲ್ಲವೂ ಹಾಗೇ ಇರುವುದರಿಂದ ಎನ್ (ನಾರ್ಮಲ್) ಅಂದರೆ ಎಂಜಿ (ತೂಕ) ಅಂತ ಕೈಗೆ ಅಭ್ಯಾಸ ಆಗಿಬಿಡುತ್ತದೆ.

ಘರ್ಷಣೆ ನೋಡುವುದು ಈ ಒತ್ತನ್ನು, ತೂಕವನ್ನಲ್ಲ. ಫ್ರೆಂಚ್ ವಿಜ್ಞಾನಿ ಅಮೊಂತೊ 1699ರಲ್ಲಿ ಮುಂದಿಟ್ಟ ನಿಯಮವೂ ಇದೇ: ಎರಡು ಮೇಲ್ಮೈಗಳನ್ನು ಎಷ್ಟು ಬಲದಿಂದ ಒತ್ತಿದ್ದೇವೋ ಅದರ ಅನುಪಾತದಲ್ಲಿ ಘರ್ಷಣೆ ಇರುತ್ತದೆ.

ಹಾಗಾಗಿ ಕ್ರಮ ಬದಲಿಸಿ. ಎಲ್ಲರೂ ಮೊದಲು ಚಲನೆಯ ದಿಕ್ಕಿಗೆ ಓಡುತ್ತಾರೆ. ನೀವು ಮೊದಲು ಮೇಲ್ಮೈಗೆ ಲಂಬವಾದ ದಿಕ್ಕಿನ ಲೆಕ್ಕ ಮುಗಿಸಿ. ಎನ್ + 50 = 200, ಅಂದರೆ ಎನ್ = 150. ಈ ಎನ್ ಕೈಗೆ ಸಿಕ್ಕ ಮೇಲೆ ಘರ್ಷಣೆ. ಘರ್ಷಣೆ ಸಿಕ್ಕ ಮೇಲೆ ಚಲನೆಯ ದಿಕ್ಕು. ಎರಡು ಲಂಬ ದಿಕ್ಕುಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತವೆ ಅಂತ ಕಲಿತಿರುತ್ತೇವೆ, ಅದು ನಿಜವೇ. ಆದರೆ ಘರ್ಷಣೆ ಇದ್ದಾಗ ಆ ಎರಡರ ಮಧ್ಯೆ ಒಂದು ಕೊಂಡಿ ಬೀಳುತ್ತದೆ. ಲಂಬ ದಿಕ್ಕಿನಲ್ಲಿ ಸಿಗುವ ಎನ್ ಅಡ್ಡ ದಿಕ್ಕಿನ ಸಮೀಕರಣದೊಳಗೆ ಬಂದು ಕೂರುತ್ತದೆ. ನಿಮ್ಮ 50 ನ್ಯೂಟನ್‌ಗೆ ಇರುವ ಕೆಲಸ ಅದೇ.

ಚಿತ್ರ ಬರೆಯುವಾಗ ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಓರೆ ಬಾಣವನ್ನು ಪೆನ್ನಿನಲ್ಲಿ ಬರೆಯಿರಿ. ಎರಡು ಕಾಂಪೊನೆಂಟ್‌ಗಳನ್ನು ಪೆನ್ಸಿಲ್‌ನಲ್ಲಿ ಚುಕ್ಕಿ ಗೆರೆಯಾಗಿ ಬರೆಯಿರಿ. ಬರೆದಾದ ತಕ್ಷಣ ಓರೆ ಬಾಣದ ಮೇಲೆ ಎರಡು ಅಡ್ಡ ಗೀಟು ಹಾಕಿ. ಅಲ್ಲಿಂದಾಚೆಗೆ ಆ ಬಾಣ ಲೆಕ್ಕಕ್ಕಿಲ್ಲ. ಅದರ ಜಾಗದಲ್ಲಿ ಈ ಎರಡು ಬಂದಿವೆ. ಗೀಟು ಹಾಕದೇ ಹೋದರೆ ಹತ್ತು ನಿಮಿಷದ ನಂತರ ಅದೇ ಚಿತ್ರ ನೋಡಿಕೊಂಡು 100ನ್ನೂ 86.6ನ್ನೂ ಎರಡನ್ನೂ ಕೂಡಿಸಿಬಿಡುತ್ತೇವೆ. ನಾನು ಪಾಠ ಹೇಳುವಾಗ ಅತಿ ಜಾಸ್ತಿ ನೋಡಿದ ತಪ್ಪು ಇದು.

ಬಿಳಿಹಾಳೆ:

ಬಂತು! ಎನ್ 150, ಘರ್ಷಣೆ 45, 86.6 ರಿಂದ 45 ಕಳೆದರೆ 41.6, ಅದನ್ನು 20ರಿಂದ ಭಾಗಿಸಿದರೆ 2.08. ತೂಕದ ಯಂತ್ರದ ಮುಳ್ಳು ಕಣ್ಣಿಗೆ ಕಟ್ಟಿದ ಹಾಗಾಯಿತು. ತುಂಬಾ ಥ್ಯಾಂಕ್ಸ್.

ಅದೇ ಹುರುಪಿನಲ್ಲಿ ಇಳಿಜಾರು ಹಿಡಿದೆ. 30 ಡಿಗ್ರಿ ಇಳಿಜಾರಿನಲ್ಲಿ ಅದೇ 20 ಕೆಜಿ ಪೆಟ್ಟಿಗೆ ಕೆಳಕ್ಕೆ ಜಾರುತ್ತಿದೆ, ಮ್ಯೂ 0.3. ನೀವು ಹೇಳಿದಂತೆ ಮೊದಲು ನಾರ್ಮಲ್ ಹುಡುಕಿದೆ. ನಾರ್ಮಲ್ ಓರೆಯಾಗಿದೆ ಅಲ್ವಾ, ಅದನ್ನು ಬಿಡಿಸಿದೆ. ಅದರ ಮೇಲ್ಮುಖ ಭಾಗ ಎನ್ ಕಾಸ್ 30, ಅದು ತೂಕಕ್ಕೆ ಸಮ. ಎನ್ = 200 / 0.866 = 231. ಪುಸ್ತಕದಲ್ಲಿ ಎನ್ = ಎಂಜಿ ಕಾಸ್ 30 = 173 ಅಂತಿದೆ. ಇಲ್ಲಿ ಏನು ತಪ್ಪಾಯಿತು ಅಂತ ಗೊತ್ತಾಗುತ್ತಿಲ್ಲ. ಬಿಡಿಸಿದ್ದು ಸರಿಯಾಗೇ ಇದೆ ಅಂತ ಅನಿಸುತ್ತಿದೆ.

ಚುಟುಕು:

ಸುಮ್ನೆ ಇಷ್ಟು ನೆನಪಿಟ್ಟುಕೊಳ್ಳಿ, ಸಾಕು. ಹಗ್ಗದ ಲೆಕ್ಕದಲ್ಲಿ ಅಡ್ಡಕ್ಕೆ ಕಾಸ್, ಮೇಲಕ್ಕೆ ಸೈನ್. ಇಳಿಜಾರಿನಲ್ಲಿ ಇಳಿಜಾರಿನ ಉದ್ದಕ್ಕೆ ಸೈನ್, ಲಂಬಕ್ಕೆ ಕಾಸ್. ಪರೀಕ್ಷೆಯಲ್ಲಿ ಯೋಚನೆ ಮಾಡಲು ಸಮಯ ಇರುವುದಿಲ್ಲ.

ಹಳೆ ವಿದ್ಯಾರ್ಥಿನಿ:

ಚುಟುಕು ಅವರೇ, ನೀವು ಹೇಳಿದ್ದು ಹೆಚ್ಚಿನ ಲೆಕ್ಕಗಳಿಗೆ ಹೊಂದುತ್ತದೆ. ಆದರೆ ಹಗ್ಗದ ಕೋನವನ್ನು ನೆಲದಿಂದ ಕೊಡದೆ ನೆಟ್ಟಗೆ ನಿಂತ ಕಂಬದಿಂದ ಕೊಟ್ಟರೆ ಆ ನೆನಪು ಕೈ ಕೊಡುತ್ತದೆ. ನನಗೆ ಒಂದು ಪರೀಕ್ಷೆಯಲ್ಲಿ ಹಾಗೇ ಆಯಿತು. ಲಂಬ ರೇಖೆಯಿಂದ 60 ಡಿಗ್ರಿ ಅಂತ ಕೊಟ್ಟಿದ್ದರು, ನಾನು ಅಡ್ಡಕ್ಕೆ ಕಾಸ್ 60 ಹಾಕಿ ಬಂದೆ.

ಅದಾದ ಮೇಲೆ ನಾನು ಬಳಸುವುದು ಹೀಗೆ. ಬಲಕ್ಕೂ ಯಾವ ಗೆರೆಗೂ ಮಧ್ಯೆ ಕೋನ ಇದೆಯೋ ಆ ಗೆರೆಯ ಕಡೆಗೆ ಕಾಸ್. ಇನ್ನೊಂದು ಕಡೆಗೆ ಸೈನ್. ಕೋನ ಹಿಡಿದು ನಿಂತ ಕಡೆ ಕಾಸ್ ಅಂತ ಇಟ್ಟುಕೊಳ್ಳಿ. ಸಂಶಯ ಬಂದರೆ ಕೋನವನ್ನು ಮನಸ್ಸಿನಲ್ಲೇ ಸೊನ್ನೆ ಮಾಡಿ ನೋಡಿ. ಇಳಿಜಾರಿನ ಕೋನ ಸೊನ್ನೆ ಆದರೆ ಅದು ಸಮತಟ್ಟು ನೆಲ. ಸಮತಟ್ಟು ನೆಲದಲ್ಲಿ ಪೆಟ್ಟಿಗೆ ತಾನಾಗಿ ಜಾರುವುದಿಲ್ಲ, ಅಂದರೆ ಜಾರಿಸುವ ಭಾಗ ಸೊನ್ನೆ ಆಗಬೇಕು. ಸೈನ್ 0 ಸೊನ್ನೆ, ಕಾಸ್ 0 ಒಂದು. ಹಾಗಾದರೆ ಜಾರಿಸುವುದು ಎಂಜಿ ಸೈನ್ ಥೀಟಾ ಅಲ್ಲದೆ ಬೇರೆ ಆಗಲು ಸಾಧ್ಯವೇ ಇಲ್ಲ. ಐದು ಸೆಕೆಂಡಿನ ಕೆಲಸ, ಪರೀಕ್ಷೆಯಲ್ಲೂ ಮಾಡಬಹುದು.

ಜಾರಿಸುವ ಭಾಗ ಸೈನ್ ಯಾಕೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ವಾದ ಒಂದಿದೆ, ಅದನ್ನು ಹೇಳದೆ ಇರಲಾರೆ. 1586ರಲ್ಲಿ ಫ್ಲೆಮಿಶ್ ಗಣಿತಜ್ಞ ಸೈಮನ್ ಸ್ಟೆವಿನ್ ಕೊಟ್ಟದ್ದು. ಒಂದು ತ್ರಿಕೋನದ ದಿಮ್ಮಿ, ಒಂದು ಇಳಿಜಾರು ಇನ್ನೊಂದಕ್ಕಿಂತ ಎರಡು ಪಟ್ಟು ಉದ್ದ. ಒಂದೇ ತೂಕದ ಗುಂಡುಗಳನ್ನು ಪೋಣಿಸಿದ ಸರವನ್ನು ಅದರ ಸುತ್ತ ಹಾಕಿದ್ದಾರೆ. ಉದ್ದದ ಕಡೆ ನಾಲ್ಕು ಗುಂಡು, ಗಿಡ್ಡದ ಕಡೆ ಎರಡು, ಉಳಿದವು ಕೆಳಗೆ ಎರಡೂ ಕಡೆ ಸಮನಾಗಿ ಜೋತು ಬಿದ್ದಿವೆ. ಸರ ತಾನಾಗಿ ಸುತ್ತಲು ಶುರು ಮಾಡುವುದಿಲ್ಲ. ಮಾಡಿದರೆ ನಿಲ್ಲದೆ ಸುತ್ತುತ್ತಲೇ ಇರಬೇಕಾಗುತ್ತದೆ, ಅದು ಆಗದ ಮಾತು. ಅಂದರೆ ಆ ಕಡೆಯ ನಾಲ್ಕು ಗುಂಡುಗಳ ಜಗ್ಗಾಟ ಈ ಕಡೆಯ ಎರಡರ ಜಗ್ಗಾಟಕ್ಕೆ ಸಮ. ಎತ್ತರ ಒಂದೇ ಇರುವಾಗ ಇಳಿಜಾರು ಎರಡು ಪಟ್ಟು ಉದ್ದವಾದರೆ ಪ್ರತಿ ಗುಂಡಿನ ಜಗ್ಗಾಟ ಅರ್ಧ. ಎತ್ತರವನ್ನು ಉದ್ದದಿಂದ ಭಾಗಿಸಿದರೆ ಬರುವುದೇ ಸೈನ್ ಅಲ್ವಾ!

ಇನ್ನು ನಿಮ್ಮ 231. ಮೊದಲು ಆ ಸಂಖ್ಯೆಯನ್ನೇ ನೋಡಿ. ಬೇರೆ ಯಾರೂ ಒತ್ತದೆ, ಬರೀ ಇಳಿಜಾರಿನಲ್ಲಿ ಜಾರುತ್ತಿರುವ ಪೆಟ್ಟಿಗೆ, ತನ್ನ ತೂಕಕ್ಕಿಂತ ಜಾಸ್ತಿ ಬಲದಿಂದ ಇಳಿಜಾರನ್ನು ಒತ್ತುತ್ತಿದೆ ಅಂತ ಅದು ಹೇಳುತ್ತಿದೆ. ನೀವು ಬಿಡಿಸಿದ್ದರಲ್ಲಿ ತಪ್ಪಿಲ್ಲ, ನಿಜ. "ಅದು ತೂಕಕ್ಕೆ ಸಮ" ಅಂದಿರಲ್ಲ, ಅಲ್ಲಿ ಎರಡು ತಪ್ಪು ಒಟ್ಟಿಗೆ ಸೇರಿವೆ. ಘರ್ಷಣೆ ಇಳಿಜಾರಿನ ಉದ್ದಕ್ಕೆ ಮೇಲ್ಮುಖವಾಗಿ ಇದೆ, ಅದಕ್ಕೂ ಒಂದು ಮೇಲ್ಮುಖ ಭಾಗ ಇದೆ, ಅದನ್ನು ಬಿಟ್ಟಿದ್ದೀರಿ. ಎರಡನೆಯದು, ಪೆಟ್ಟಿಗೆ ಇಳಿಜಾರಿನಲ್ಲಿ ಕೆಳಗೆ ವೇಗ ಹೆಚ್ಚಿಸಿಕೊಳ್ಳುತ್ತಿದೆ. ಅಂದರೆ ನೆಟ್ಟಗೆ ಕೆಳಮುಖವಾಗಿಯೂ ಅದಕ್ಕೆ ವೇಗೋತ್ಕರ್ಷ ಇದೆ. ಹಾಗಿದ್ದಾಗ ಮೇಲಿನ ಬಲ ಕೆಳಗಿನ ಬಲ ಸಮ ಇರುವುದಿಲ್ಲ.

ಅಕ್ಷಗಳನ್ನು ಇಳಿಜಾರಿನ ಜೊತೆ ಓರೆ ಮಾಡಿದರೆ ಇದೆಲ್ಲ ತಾನಾಗಿ ಸರಿಹೋಗುತ್ತದೆ. ಇಳಿಜಾರಿಗೆ ಲಂಬವಾಗಿ ಪೆಟ್ಟಿಗೆ ಹೋಗುವುದೇ ಇಲ್ಲ, ಆದ್ದರಿಂದ ಆ ದಿಕ್ಕಿನಲ್ಲಿ ಸಮತೋಲ ಖಂಡಿತ. ಎನ್ = 173.2. ಘರ್ಷಣೆ 52. ಉದ್ದಕ್ಕೆ 100 − 52 = 48, ವೇಗೋತ್ಕರ್ಷ 2.4.

ನಿಮ್ಮ ದಾರಿಯಲ್ಲೇ ಹೋದರೂ ಇದೇ ಬರುತ್ತದೆ, ನೋಡಿ. ನಾರ್ಮಲ್‌ನ ಮೇಲ್ಮುಖ ಭಾಗ 173.2 × 0.866 = 150. ಘರ್ಷಣೆಯ ಮೇಲ್ಮುಖ ಭಾಗ 52 × 0.5 = 26. ಒಟ್ಟು 176. ತೂಕ 200, ಉಳಿದದ್ದು 24 ಕೆಳಮುಖ. ಈಗ ವೇಗೋತ್ಕರ್ಷದ ಕೆಳಮುಖ ಭಾಗ 2.4 × 0.5 = 1.2, ಅದನ್ನು 20 ಕೆಜಿಯಿಂದ ಗುಣಿಸಿದರೆ 24. ಸರಿಯಾಗಿ ಕೂತಿತು. ಅಕ್ಷ ಯಾವುದಾದರೂ ಆಗಬಹುದು, ಪೆಟ್ಟಿಗೆಗೆ ಅದರ ಪರಿವೆ ಇಲ್ಲ. ನಮಗೆ ಸುಲಭ ಆಗುವುದನ್ನು ಆರಿಸಿಕೊಳ್ಳುತ್ತೇವೆ.

ಪೆನ್ಸಿಲ್:

ಸ್ಟೆವಿನ್ ಸರದ ವಿಷಯ ಓದಿ ಖುಷಿಯಾಯಿತು, ಎಷ್ಟೋ ವರ್ಷ ಆಗಿತ್ತು.

ಒಂದು ಸೇರಿಸುತ್ತೇನೆ, ಯಾಕೆಂದರೆ ಮುಂದೆ ಇದೇ ಜಾಗದಲ್ಲಿ ಮತ್ತೆ ಎಡವುತ್ತೀರಿ. ಓರೆ ಕಟ್ಟಿದ ತಿರುವು ರಸ್ತೆಯ ಲೆಕ್ಕ, ಘರ್ಷಣೆ ಇಲ್ಲದ್ದು, ಅಲ್ಲಿ ನಿಮ್ಮ ಸಮೀಕರಣವೇ ಸರಿ. ಎನ್ ಕಾಸ್ ಥೀಟಾ = ಎಂಜಿ. ಚಿತ್ರ ನೋಡಿದರೆ ಎರಡೂ ಒಂದೇ ಥರ, ಓರೆ ಮೇಲ್ಮೈ, ಮೇಲೊಂದು ವಸ್ತು. ಆದರೆ ಕಾರು ರಸ್ತೆಯ ಓರೆಯಲ್ಲಿ ಕೆಳಕ್ಕೆ ಜಾರುತ್ತಿಲ್ಲ. ಅದೇ ಎತ್ತರದಲ್ಲಿ ವೃತ್ತದಲ್ಲಿ ತಿರುಗುತ್ತಿದೆ. ಅದರ ವೇಗೋತ್ಕರ್ಷ ವೃತ್ತದ ಕೇಂದ್ರದ ಕಡೆಗೆ, ನೆಲಕ್ಕೆ ಸಮಾಂತರವಾಗಿ. ಹಾಗಾಗಿ ಮೇಲೆ ಕೆಳಗಿನ ದಿಕ್ಕಿನಲ್ಲಿ ಸಮತೋಲ ಇದೆ. ಇಲ್ಲಿ ನಾರ್ಮಲ್ ತೂಕಕ್ಕಿಂತ ಜಾಸ್ತಿ ಇರುವುದೂ ನಿಜ, ಆ ತಿರುಗುವಿಕೆಗೆ ಬೇಕಾದ ಬಲವನ್ನು ರಸ್ತೆಯೇ ಕೊಡಬೇಕಲ್ಲ. ಅಂದರೆ ಬಲಗಳನ್ನು ಬಿಡಿಸುವ ಮೊದಲು ವೇಗೋತ್ಕರ್ಷ ಯಾವ ಕಡೆಗೆ ಅಂತ ಕೇಳಿ, ಆ ಕಡೆಗೆ ಒಂದು ಅಕ್ಷ ಹಾಕಿ. ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಮಾತ್ರ ಸಮ ಅಂತ ಬರೆಯಲು ನಿಮಗೆ ಹಕ್ಕಿದೆ.

ಬಿಳಿಹಾಳೆ:

ಎಷ್ಟೋ ದಿನದ ಗಂಟು ಬಿಚ್ಚಿತು. ಆ 24 ಕೂತಾಗ ಕುರ್ಚಿಯಿಂದ ಎದ್ದೇಬಿಟ್ಟೆ.

ಇನ್ನೊಂದು ವಿಚಿತ್ರ ಉತ್ತರ ಬಂದಿದೆ, ಅದನ್ನೂ ಕೇಳಿಬಿಡುತ್ತೇನೆ. ಅದೇ ಪೆಟ್ಟಿಗೆ ನೆಲದ ಮೇಲೆ ಸುಮ್ಮನೆ ನಿಂತಿದೆ. ಹಗ್ಗ 30 ಡಿಗ್ರಿ, ಬಲ ಮಾತ್ರ 60 ನ್ಯೂಟನ್. ಸ್ಥಿತ ಘರ್ಷಣಾ ಗುಣಾಂಕ 0.4. ಎನ್ = 200 − 30 = 170. ಘರ್ಷಣೆ 0.4 × 170 = 68. ಮುಂದಕ್ಕೆ 60 ಕಾಸ್ 30 = 52. ಉಳಿದದ್ದು −16. ಅಂದರೆ ಪೆಟ್ಟಿಗೆ ಹಿಂದಕ್ಕೆ ಹೋಗುತ್ತದೆಯಾ? ನಾನು ಎಳೆದ ದಿಕ್ಕಿಗೆ ವಿರುದ್ಧವಾಗಿ?

ಹಳೆ ವಿದ್ಯಾರ್ಥಿನಿ:

ಹೋಗುವುದಿಲ್ಲ. 68 ಅನ್ನೋದು ಘರ್ಷಣೆ ಎಷ್ಟರವರೆಗೆ ತಡೆಯಬಲ್ಲದು ಅನ್ನುವ ಮಿತಿ. ಈಗ ಅದು ಅಷ್ಟು ತಡೆಯಬೇಕಾಗಿಲ್ಲ. ನೀವು 52ರಿಂದ ಎಳೆದರೆ ಅದು 52ರಿಂದ ಹಿಡಿದುಕೊಳ್ಳುತ್ತದೆ. 10ರಿಂದ ಎಳೆದರೆ 10. ಹಗ್ಗ ಬಿಟ್ಟರೆ ಸೊನ್ನೆ. ಪೆಟ್ಟಿಗೆ ನಿಂತಿರುವಾಗ ಮ್ಯೂ ಎನ್ ಹೋಲಿಕೆಗೆ ಮಾತ್ರ. ನೀವು ಎಳೆದದ್ದು ಅದಕ್ಕಿಂತ ಕಡಿಮೆಯಾ, ಹಾಗಾದರೆ ಪೆಟ್ಟಿಗೆ ಅಲ್ಲಾಡುವುದಿಲ್ಲ, ಘರ್ಷಣೆ 52, ಲೆಕ್ಕ ಮುಗಿಯಿತು. ಮಿತಿ ಮೀರಿದರೆ ಆಗ ಚಲನ ಘರ್ಷಣೆಯ ಮ್ಯೂ ತಂದು ಮತ್ತೆ ಮಾಡಬೇಕು.

ಚುಟುಕು:

ಕಂಬದಿಂದ ಕೋನ ಕೊಡುವ ವಿಷಯ ನಾನು ಯೋಚಿಸಿರಲಿಲ್ಲ, ಒಪ್ಪಿದೆ.

ಒಂದು ಕೇಳಬೇಕು. ಮೇಲಕ್ಕೆ ಎಳೆದರೆ ಘರ್ಷಣೆ ಕಡಿಮೆ ಆಗುತ್ತದೆ ಅಂದರೆ ಜಾಸ್ತಿ ಓರೆ ಮಾಡಿದಷ್ಟೂ ಎಳೆಯೋದು ಸುಲಭ ಆಗಬೇಕಲ್ಲ? 60 ಡಿಗ್ರಿಗೆ ಎಳೆದರೆ ಇನ್ನೂ ಒಳ್ಳೆಯದಾ?

ಪೆನ್ಸಿಲ್:

ಒಳ್ಳೆಯ ಪ್ರಶ್ನೆ. ಲೆಕ್ಕ ಮಾಡಿಯೇ ನೋಡೋಣ. ಅದೇ ಪೆಟ್ಟಿಗೆ, ಮ್ಯೂ 0.3, ಒಂದೇ ವೇಗದಲ್ಲಿ ಎಳೆದುಕೊಂಡು ಹೋಗಬೇಕು. ಎಳೆಯುವ ಬಲ ಎಫ್, ಹಗ್ಗದ ಕೋನ ಥೀಟಾ ಅಂದರೆ ಎನ್ = 200 − ಎಫ್ ಸೈನ್ ಥೀಟಾ. ಎಫ್ ಕಾಸ್ ಥೀಟಾ = 0.3 × ಎನ್. ಎರಡನ್ನೂ ಸೇರಿಸಿದರೆ ಎಫ್ = 60 / (ಕಾಸ್ ಥೀಟಾ + 0.3 ಸೈನ್ ಥೀಟಾ).

ನೆಲಕ್ಕೆ ಸಮನಾಗಿ ಎಳೆದರೆ 60 ನ್ಯೂಟನ್ ಬೇಕು. 30 ಡಿಗ್ರಿಗೆ 59.1. 45ಕ್ಕೆ 65.3. 60 ಡಿಗ್ರಿಗೆ ಹೋದರೆ 79. ಮೇಲಕ್ಕೆ ಎತ್ತಿ ಒತ್ತು ಕಡಿಮೆ ಮಾಡುವಷ್ಟರಲ್ಲಿ ಮುಂದಕ್ಕೆ ಎಳೆಯುವ ಭಾಗವೇ ಸೊರಗಿಹೋಗುತ್ತದೆ. ಎಲ್ಲಕ್ಕಿಂತ ಕಡಿಮೆ ಬಲ ಸಾಕಾಗುವುದು ಟ್ಯಾನ್ ಥೀಟಾ = ಮ್ಯೂ ಆದಾಗ, ಇಲ್ಲಿ ಸುಮಾರು 16.7 ಡಿಗ್ರಿ, ಬಲ 57.5. ಉಳಿತಾಯ ನೂರಕ್ಕೆ ನಾಲ್ಕರಷ್ಟು, ಅಂಥ ದೊಡ್ಡದೇನಲ್ಲ. ಆದರೆ ನೆಲ ಒರಟಾಗಿದ್ದು ಮ್ಯೂ 0.8 ಇದ್ದರೆ ಕತೆ ಬೇರೆ. ಸಮನಾಗಿ ಎಳೆದರೆ 160, ಸುಮಾರು 39 ಡಿಗ್ರಿಗೆ ಎಳೆದರೆ 125.

ಇದನ್ನೇ ತಿರುಗಿಸಿ, ಹಗ್ಗದ ಬದಲು ಹಿಂದಿನಿಂದ ಕೆಳಮುಖವಾಗಿ ತಳ್ಳಿದರೆ ಸೈನ್ ಮುಂದಿನ ಚಿಹ್ನೆ ಬದಲಾಗುತ್ತದೆ. ಎಫ್ = 60 / (ಕಾಸ್ ಥೀಟಾ − 0.3 ಸೈನ್ ಥೀಟಾ). 30 ಡಿಗ್ರಿಗೆ 83.8 ನ್ಯೂಟನ್ ಬೇಕು. ಬಿಳಿಹಾಳೆ ಅವರ ಮೊದಲ ಲೆಕ್ಕವನ್ನೇ ತಳ್ಳುವಂತೆ ಬದಲಿಸಿ, 100 ನ್ಯೂಟನ್‌ಗೆ ಎನ್ 250 ಆಗಿ, ಘರ್ಷಣೆ 75 ಆಗಿ, ವೇಗೋತ್ಕರ್ಷ 2.08 ರಿಂದ 0.58ಕ್ಕೆ ಇಳಿಯುತ್ತದೆ. ಬಲ ಅಷ್ಟೇ, ಕೋನ ಅಷ್ಟೇ.

ಈಗ ಆ ಭಾಜಕವನ್ನು ಗಮನವಿಟ್ಟು ನೋಡಿ. ಕೋನ ಜಾಸ್ತಿ ಮಾಡುತ್ತಾ ಹೋದರೆ ಅದು ಸೊನ್ನೆ ಆಗುತ್ತದೆ, ಸುಮಾರು 73 ಡಿಗ್ರಿಗೆ. ಅದರಾಚೆ ಎಷ್ಟೇ ಬಲ ಹಾಕಿ, ಸಾವಿರ ನ್ಯೂಟನ್ ಹಾಕಿ, ಪೆಟ್ಟಿಗೆ ಮುಂದೆ ಹೋಗುವುದಿಲ್ಲ. ನೀವು ಸೇರಿಸುವ ಪ್ರತಿ ನ್ಯೂಟನ್ ಮುಂದಕ್ಕೆ ತಳ್ಳುವುದಕ್ಕಿಂತ ಜಾಸ್ತಿ ಘರ್ಷಣೆಯನ್ನು ಬೆಳೆಸುತ್ತದೆ. ನಿಂತ ಪೆಟ್ಟಿಗೆಯಾದರೆ 0.4 ಹಾಕಬೇಕು, ಆಗ 68 ಡಿಗ್ರಿಗೇ ಸಿಕ್ಕಿಕೊಳ್ಳುತ್ತದೆ.

ಬಿಳಿಹಾಳೆ:

ಇದನ್ನು ನಂಬಲು ಆಗಲಿಲ್ಲ. ಎದ್ದು ಹೋಗಿ ನೆಲ ಒರೆಸುವ ಉದ್ದ ಹಿಡಿಕೆಯ ಕೋಲು ತಂದೆ. ಬಟ್ಟೆ ಒಣಗಿತ್ತು. ಹಿಡಿಕೆಯನ್ನು ತಗ್ಗಿಸಿ ಹಿಡಿದು, ಹಿಡಿಕೆಯ ನೇರಕ್ಕೇ ತಳ್ಳಿದೆ. ಸಲೀಸಾಗಿ ಹೋಯಿತು. ಸ್ವಲ್ಪ ಸ್ವಲ್ಪವೇ ನೆಟ್ಟಗೆ ಮಾಡುತ್ತಾ ತಳ್ಳಿದೆ, ಕೈಗೆ ಭಾರ ಏರುತ್ತಾ ಹೋಯಿತು. ಹೆಚ್ಚು ಕಡಿಮೆ ನೆಟ್ಟಗೆ ಆಗುವ ಮೊದಲೇ ಒಂದು ಕಡೆ ಗಕ್ಕನೆ ನಿಂತಿತು. ಎರಡೂ ಕೈ ಹಾಕಿ ಒತ್ತಿದೆ, ಹಿಡಿಕೆ ಬಾಗಿತೇ ಹೊರತು ಬಟ್ಟೆ ಒಂದು ಕೂದಲೆಳೆಯಷ್ಟೂ ಜರುಗಲಿಲ್ಲ.

ಆ ಕೋನವನ್ನು ಹಾಗೇ ಹಿಡಿದುಕೊಂಡು ಗೋಡೆಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ. ನಾಳೆ ಕೋನಮಾಪಕ ಇಟ್ಟು ಅಳೆದು, ನಮ್ಮ ನೆಲದ ಮ್ಯೂ ಎಷ್ಟು ಅಂತ ಇಲ್ಲೇ ಹಾಕುತ್ತೇನೆ. ಟ್ಯಾನ್ ಥೀಟಾ = 1 / ಮ್ಯೂ, ಸರಿ ತಾನೇ?

ಪೆನ್ಸಿಲ್:

ಸರಿ. ಒಂದು ಎಚ್ಚರಿಕೆ ಇರಲಿ, ಕೋನವನ್ನು ನೆಲದಿಂದ ಅಳೆಯಿರಿ, ಗೋಡೆಯಿಂದ ಅಲ್ಲ. ಗೋಡೆಯಿಂದ ಅಳೆದರೆ ಟ್ಯಾನ್ ನೇರವಾಗಿ ಮ್ಯೂ ಆಗುತ್ತದೆ. ಕೋಲಿನ ತಲೆಯ ತೂಕವನ್ನು ನಾವು ಬಿಟ್ಟಿದ್ದೇವೆ, ನೀವು ಜೋರಾಗಿ ಒತ್ತಿದಾಗ ಅದು ಲೆಕ್ಕಕ್ಕೆ ಬರುವುದಿಲ್ಲ. ಮೂರು ನಾಲ್ಕು ಸಲ ಮಾಡಿ, ಪ್ರತಿ ಸಲದ ಸಂಖ್ಯೆಯನ್ನೂ ಹಾಕಿ.